ಕ್ಯಾಮೆರಾಗಿಂತ ಅಜ್ಜಿಯೇ ವಾಸಿ

ಕಳ್ಳಕಾಕರ ಭಯಕ್ಕೆ ಬಾಗಿಲಿಗೆ ಕ್ಯಾಮೆರಾ ಹಾಕಿಸಿದ್ದೇನೆ. ಬೆಕ್ಕು ಸುಳಿದರೂ ಫೋನು ಬಡಕೊಳ್ಳುತ್ತೆ. ಅದು ಯಾರ ಮನೆ ಬೆಕ್ಕು ಅನ್ನೋದು ಮಾತ್ರ ಅದಕ್ಕೆ ಗೊತ್ತಿಲ್ಲ. ಗವಿಪುರಂ ವಠಾರದಲ್ಲಿ ನಮ್ಮಜ್ಜಿ ಒಳಗೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಲೇ, ಬೆಕ್ಕು ಯಾರದ್ದು, ಯಾರ ಮನೆ ಹಾಲು ಕುಡಿದು ಬಂತು, ಆ ಹಾಲಿಗೆಷ್ಟು ನೀರು ಬೆರೆಸಿದ್ದರು ಎಂಬಲ್ಲಿವರೆಗೆ ಹೇಳುತ್ತಿದ್ದಳು.

ವಠಾರಕ್ಕೆಲ್ಲ ಒಂದೇ ನಲ್ಲಿ. ಬಿಂದಿಗೆ ತುಂಬುವಷ್ಟರಲ್ಲಿ ಒಂದು ಸಂಬಂಧ ಕುದುರಿ, ಇನ್ನೊಂದು ಮುರಿದಿರುತ್ತಿತ್ತು. ನಾನು ಸ್ಕೂಲಿಗೆ ಚಕ್ಕರ್ ಹೊಡೆದು ಕೆಂಪಾಂಬುಧಿ ಕೆರೆ ಏರಿ ಮೇಲೆ ಅಲೆದರೆ, ನನಗಿಂತ ಮೊದಲೇ ಸುದ್ದಿ ಮನೆ ಸೇರಿರುತ್ತಿತ್ತು. ‘ಏನೋ, ಕೆರೇಲಿ ನೀರು ಎಷ್ಟಿತ್ತೋ?’ ಅಂತ ಅಜ್ಜಿ ತಣ್ಣಗೆ ಕೇಳೋಳು. ಬೈದಿದ್ದರೇ ಚೆನ್ನಾಗಿತ್ತು.

ಸಂಕ್ರಾಂತಿ ದಿನ ಗವಿ ಗಂಗಾಧರೇಶ್ವರನ ಗುಡಿಗೆ ಊರೆಲ್ಲ ನುಗ್ಗುತ್ತೆ. ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗ ಮುಟ್ಟೋ ಗಳಿಗೆ ಅದು. ಅಜ್ಜಿಗೆ ಎಳ್ಳು ಬೀರೋದು ನೆಪ, ಯಾರು ಹೊಸ ಸೀರೆ ಉಟ್ಟರು ಅನ್ನೋದೇ ದರ್ಶನ. 2021ರಲ್ಲಿ ಮೋಡ ಕವಿದು ಕಿರಣವೇ ಕಾಣಲಿಲ್ಲ. ಅಜ್ಜಿ ಇದ್ದಿದ್ದರೆ ಸೂರ್ಯ ಆ ಸಂಜೆ ಯಾರ ಮನೇಲಿ ಕಾಫಿ ಕುಡೀತಾ ಕೂತಿದ್ದ ಅಂತ ಪತ್ತೆ ಹಚ್ಚಿರೋಳು.