ರಾಜ ಕೂತಲ್ಲೇ ದರ್ಬಾರು

ಪ್ರವಾಸದ ಕೊನೇ ದಿನ ಚಕ್ಕುಲಿ ಡಬ್ಬಿಯಲ್ಲಿ ಪುಡಿಯಾದರೂ ಉಳಿದಿರುತ್ತದೆ, ಮನೆಮಂದಿಯ ಮಾತಿನಲ್ಲಿ ಅದೂ ಇರುವುದಿಲ್ಲ. ದಿಲ್ಲಿಯ ಕುತುಬ್ ಮಿನಾರ್, ಕೆಂಪುಕೋಟೆ ಎಲ್ಲ ಮುಗಿದಿದೆ. ಹೋಟೆಲಿನವನು ಹನ್ನೆರಡಕ್ಕೇ ರೂಮು ಬಿಡಿಸಿದ್ದಾನೆ, ವಿಮಾನ ಇರುವುದು ರಾತ್ರಿಗೆ. ಇಂಥ ಹೊತ್ತಲ್ಲಿ ಜಾಣರು ಕರೋಲ್ ಬಾಗಿಗೆ ಹೋಗಿ ಬೇಡದ ಬೆಡ್‌ಶೀಟು ಕೊಳ್ಳುತ್ತಾರೆ. ನನ್ನ ಮಾತು ಕೇಳುವವರು ಕಕ್ಕಸು ನೋಡಲು ಹೋಗಬೇಕು.

ಮುಖ ಸಿಂಡರಿಸಬೇಡಿ. ಪಾಲಂ-ದಾಬ್ರಿ ರಸ್ತೆಯ ಕಡೆ, ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಅಷ್ಟೇನೂ ದೂರವಲ್ಲದ ಜಾಗದಲ್ಲಿ, ಸುಲಭ್ ಸಂಸ್ಥೆಯವರ ಶೌಚಾಲಯ ಮ್ಯೂಸಿಯಂ ಇದೆ, ಶುರುವಾದದ್ದು 1992ರಲ್ಲಿ. ಮಕ್ಕಳು ಹಟ ಹಿಡಿದರೆ ಚಾಣಕ್ಯಪುರಿಯ ರೈಲು ಮ್ಯೂಸಿಯಮ್ಮೂ ಆದೀತು, ಮೈಸೂರು ಮಹಾರಾಜರ ಸಲೂನ್ ಬೋಗಿ ಅಲ್ಲೇ ನಿಂತಿದೆ. ಆದರೆ ಬೋಗಿ ನೋಡಿ ಯಾರೂ ಜಗಳಾಡುವುದಿಲ್ಲವಲ್ಲ! "ಇಷ್ಟು ದೂರ ಬಂದು ಇದನ್ನಾ ನೋಡೋದು? ಊರಲ್ಲಿ ಇರಲಿಲ್ವಾ?" ಎಂದು ನಮ್ಮತ್ತೆ ಟ್ಯಾಕ್ಸಿಯಿಂದ ಇಳಿಯಲೇ ಒಪ್ಪಲಿಲ್ಲ. ಟಿಕೆಟ್ಟಿಲ್ಲ, ಪುಕ್ಕಟೆ ಎಂದೆ. ಇಳಿದರು.

ಒಳಗೆ ಹರಪ್ಪದವರ ಕಾಲದ ಏರ್ಪಾಡಿನಿಂದ ಕಥೆ ಶುರು. ಒಂದು ಫ್ರೆಂಚ್ ಕಮೋಡ್ ಅಂತೂ ದಪ್ಪ ದಪ್ಪ ಪುಸ್ತಕ ಪೇರಿಸಿಟ್ಟ ಹಾಗೇ ಇದೆ. ನಮ್ಮ ಭಾವ ಬೆಳಿಗ್ಗೆ ಪೇಪರು ಹಿಡಿದು ಒಳಗೆ ಹೋದರೆ ಕ್ರೀಡಾಪುಟ ಮುಗಿಯದೆ ಹೊರಬರದ ಜನ. ಅಕ್ಕ ಆ ಕಮೋಡನ್ನೂ ಗಂಡನನ್ನೂ ಒಂದೇ ನೋಟದಲ್ಲಿ ನೋಡಿದಳು.

ಅಸಲಿ ಮಜಾ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಯ ಸಿಂಹಾಸನದ ನಕಲು. ದೂರದಿಂದ ನೋಡಿದರೆ ರಾಜಠೀವಿ, ಹತ್ತಿರ ಹೋಗಿ ಬಗ್ಗಿದರೆ ಕೂರುವ ಜಾಗದಲ್ಲಿ ತೂತು! ಮಹಾಪ್ರಭುಗಳು ಅದರ ಮೇಲೆ ಕೂತೇ ದರ್ಬಾರು ನಡೆಸುತ್ತಿದ್ದರೆಂದು ಪ್ರತೀತಿ. "ಪಾಪ, ಅವರ ಮನೇಲೂ ಒಂದೇ ಇತ್ತೇನೋ, ಹೊರಗೆ ಜನ ಕಾಯ್ತಿದ್ರು ಅನ್ಸತ್ತೆ," ಎಂದು ಅತ್ತೆ ತೀರ್ಪು ಕೊಟ್ಟರು. ಕೆಂಪುಕೋಟೆಯಲ್ಲಿ ಬಾಯಿ ಬಿಡದ ಹೆಂಗಸು!

ನಗಿಸಿ ಕಳಿಸುವುದಷ್ಟೇ ಮ್ಯೂಸಿಯಮ್ಮಿನವರ ಉದ್ದೇಶವಲ್ಲ. ಸುಲಭ್ ಕಟ್ಟಿದ ಬಿಂದೇಶ್ವರ್ ಪಾಠಕ್ ಬಿಹಾರದ ಬ್ರಾಹ್ಮಣ ಮನೆತನದವರು. ಹುಡುಗನಾಗಿದ್ದಾಗ ಮಲ ಹೊರುವ ಹೆಂಗಸನ್ನು ಮುಟ್ಟಿದ್ದಕ್ಕೆ ಅಜ್ಜಿ ಸೆಗಣಿ, ಗಂಜಲ ನುಂಗಿಸಿ ಶುದ್ಧಿ ಮಾಡಿದ್ದರಂತೆ. ಆ ಹುಡುಗನೇ ಬೆಳೆದು 1970ರಲ್ಲಿ ಸಂಸ್ಥೆ ಕಟ್ಟಿ, ಎರಡು ಗುಂಡಿಯ ಕಕ್ಕಸನ್ನು ಊರೂರಿಗೆ ಒಯ್ದದ್ದು. ಒಂದು ಗುಂಡಿ ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು. ಮೊದಲನೆಯದರಲ್ಲಿದ್ದದ್ದು ಅಲ್ಲೇ ಕಳಿತು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಒಂದು ಸಲಕ್ಕೆ ಒಂದು, ಒಂದೂವರೆ ಲೀಟರು ನೀರು ಸಾಕು. ಯಾರೂ ತಲೆಯ ಮೇಲೆ ಹೊರಬೇಕಿಲ್ಲ. ಇದನ್ನು ಕೇಳುವಾಗ, ಮನೆಯಲ್ಲಿ ಮಡಿ ಮಡಿ ಎಂದು ಹಾರಾಡುವ ನಮ್ಮತ್ತೆಗೆ ಯಾಕೋ ಕೆಮ್ಮು ಬಂತು.

ಭಾವನಿಗೆ ಇದೊಂದೂ ಬೇಕಿರಲಿಲ್ಲ. ಲೂಯಿಯ ಆಸನದ ಪಕ್ಕ ಎದೆಯುಬ್ಬಿಸಿ ನಿಂತು ಫೋಟೊ ತೆಗೆಸಿಕೊಂಡು, ಏನು ಎತ್ತ ಎಂದು ಬರೆಯದೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟರು. ನಾವು ಚೆಕ್-ಇನ್ ಸಾಲಿನಲ್ಲಿರುವಾಗಲೇ ಶಿವಮೊಗ್ಗದಿಂದ ದೊಡ್ಡಮ್ಮನ ಉತ್ತರ ಬಂತು: "ಎಂಥಾ ಕಳೆ! ದೊಡ್ಡದು ಮಾಡಿಸಿ ಹಾಲ್‌ನಲ್ಲಿ ಹಾಕ್ಸು."

ಹಾಕಿಸಿದ್ದಾರೆ. ಬಂದವರಿಗೆಲ್ಲ ಅದರ ಕೆಳಗೇ ಕಾಫಿ.