ಅಕ್ಕಲಕೋಟೆ ಮುಟ್ಟುವುದರೊಳಗೆ ಭೌತವಿಜ್ಞಾನಿ ಆಗುವುದು ಹೇಗೆ

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಅಕ್ಕಲಕೋಟೆ ಕಡೆಯ ಯಾವುದೋ ಕನ್ನಡ ಶಾಲೆ ನಿಮ್ಮನ್ನು ಭಾಷಣಕ್ಕೆ ಕರೆಯಿತೇ? ಒಪ್ಪಿಕೊಂಡುಬಿಡಿ. ವಿಷಯ 'ಸಾಪೇಕ್ಷತೆ ಮತ್ತು ಕ್ವಾಂಟಮ್' ಎಂದು ನೀವೇ ಬರೆಸಿ. ಓದುವ ಗೋಜು ಬೇಡ. ಸೊಲ್ಲಾಪುರದಲ್ಲಿ ಎಸ್‌.ಟಿ. ಬಸ್ಸು ಹತ್ತಿದರೆ ಸುಮಾರು 40 ಕಿ.ಮೀ. ದಾರಿಯಿದೆ, ತಯಾರಿಗೆ ಧಾರಾಳವಾಯಿತು.

ಎದ್ದು ನಿಂತವರೇ, "ಐನ್‌ಸ್ಟೈನ್‌ಗೂ ಕ್ವಾಂಟಮ್‌ಗೂ ಎಣ್ಣೆ ಸೀಗೆಕಾಯಿ, ಇವತ್ತಿಗೂ ಕೂಡಿಲ್ಲ" ಎಂದು ಸಾರಿರಿ. ಕೂಡದೆ ಉಳಿದಿರುವುದು 1915ರ ಸಾಮಾನ್ಯ ಸಾಪೇಕ್ಷತೆ, ಗುರುತ್ವದ ಬಾಬತ್ತು. 1905ರ ವಿಶೇಷ ಸಾಪೇಕ್ಷತೆಯನ್ನು ಎಲೆಕ್ಟ್ರಾನಿನ ಕ್ವಾಂಟಮ್ ಸಮೀಕರಣದೊಳಕ್ಕೆ ಡಿರಾಕ್ 1928ರಲ್ಲೇ ತಂದು ಕೂರಿಸಿದರು. ಅದು ನಿಮಗೆ ಬೇಡ. 'ವಿಶೇಷ' ಎಂಬುದನ್ನು ನುಂಗಿಕೊಳ್ಳಿ. ಲೆಕ್ಕದಲ್ಲಿ ಋಣಶಕ್ತಿಯ ಉತ್ತರ ಬಂದರೆ ಡಸ್ಟರಿನಿಂದ ಒರೆಸಿ. ಡಿರಾಕ್ ಒರೆಸಲಿಲ್ಲ, ಆ ಉತ್ತರ ಸೂಚಿಸಿದ ಎಲೆಕ್ಟ್ರಾನಿನ ಪ್ರತಿಕಣವಾಗಿ 1932ರಲ್ಲಿ ಆಂಡರ್ಸನ್‌ಗೆ ಪಾಸಿಟ್ರಾನ್ ಸಿಕ್ಕೇಬಿಟ್ಟಿತು. ಇಲ್ಲದ ಉಸಾಬರಿ.

ಮೈಮೇಲೆ ಬಂಗಾರ ಇಟ್ಟುಕೊಳ್ಳಬೇಡಿ. ಉಂಗುರವನ್ನೂ ಬಿಚ್ಚಿಟ್ಟು ಹೋಗಿ. ಬಂಗಾರದ ಪರಮಾಣುವಿನ ನಡುವೆ 79 ಪ್ರೋಟಾನ್‌ಗಳಿವೆ; ಆ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ಅರ್ಧಕ್ಕೂ ಮೀರಿದ ವೇಗ ಹಿಡಿಯುತ್ತವೆ. ಸಾಪೇಕ್ಷತೆ ಅಲ್ಲಿ ಕೈಹಾಕುತ್ತದೆ. ಹೊರಗಿನ ಕಕ್ಷೆಯೂ ಮುದುಡುತ್ತದೆ, ಶಕ್ತಿಮಟ್ಟಗಳ ಅಂತರ ತಗ್ಗುತ್ತದೆ, ಲೋಹ ನೀಲಿ ಬೆಳಕನ್ನು ಹೀರಿ ಹಳದಿಯಾಗಿ ಕಾಣುತ್ತದೆ. 47 ಪ್ರೋಟಾನಿನ ಬೆಳ್ಳಿಯಲ್ಲಿ ಆ ಅಂತರ ದೊಡ್ಡದು. ಅದಕ್ಕೆ ಬೇಕಾದದ್ದು ಕಣ್ಣಿಗೆ ಕಾಣದ ಅತಿನೇರಳೆ. ಮುಂದಿನ ಸಾಲಿನ ಹುಡುಗಿ ಕಿವಿಯ ಬೆಂಡೋಲೆ ಮುಟ್ಟಿಕೊಂಡು, ಕಾಲಿನ ಗೆಜ್ಜೆ ತೋರಿಸಿ, "ಸರ, ಇದು ಯಾಕ ಹಳದಿ, ಅದು ಯಾಕ ಬೆಳ್ಳಗ?" ಎಂದರೆ "ಸಿಲಬಸ್ಸಿನಲ್ಲಿಲ್ಲ, ಕೂಡವ್ವಾ" ಎನ್ನಿ.

ಚಪ್ಪಾಳೆ ಬೇಕಾದಾಗ ಕ್ವಾಂಟಮ್ ನಂಟಿನಲ್ಲಿ ಹೆಣೆದುಕೊಂಡ ಕಣಗಳನ್ನು ಹೊರತೆಗೆಯಿರಿ. ಸೊಲ್ಲಾಪುರದ ಕಣ ಅಲುಗಿದರೆ ಅಕ್ಕಲಕೋಟೆಯದಕ್ಕೆ ಆ ಕ್ಷಣವೇ ಸುದ್ದಿ ಎನ್ನಿ, ಅಲ್ಲಿಗೇ ನಿಲ್ಲಿಸಿ. ಎರಡೂ ಕಡೆ ಕಾಣುವುದು ಬರೀ ಅಡ್ಡಾದಿಡ್ಡಿ ಫಲಿತಾಂಶ. ನಂಟು ಗೊತ್ತಾಗಲು ಫೋನ್ ಹಚ್ಚಿ ತಾಳೆ ನೋಡಬೇಕು. ಆ ಫೋನು ಬೆಳಕನ್ನು ಹಿಂದಿಕ್ಕಲಾರದು. ಇಷ್ಟು ಹೇಳಿದರೆ ಮಂದಿ ಆಕಳಿಸುತ್ತಾರೆ.

ಸತ್ಕಾರದ ಚಾದರ ಹೊದ್ದು ಬೇಗ ಹೊರಡಿ. ಮಾಸ್ತರರು ಜೀಪಿನಲ್ಲಿ ಬಿಡುತ್ತೇವೆ ಎಂದರೆ ಒಲ್ಲೆ ಎನ್ನಿ. ಸೀಸದ ಬ್ಯಾಟರಿಯ ವೋಲ್ಟೇಜಿನಲ್ಲಿ ಬಹುಪಾಲು ಇದೇ ಸಾಪೇಕ್ಷತೆಯ ದುಡಿಮೆ. ಗಾಡಿ ಸ್ಟಾರ್ಟ್ ಆದರೆ ನಿಮ್ಮ ಭಾಷಣ ಅಲ್ಲೇ ಸುಳ್ಳಾಗುತ್ತದೆ. ಸ್ಟ್ಯಾಂಡಿಗೆ ನಡೆದೇ ಹೋಗಿ. ಎಸ್‌.ಟಿ.ಯಲ್ಲೂ ಅದೇ ಬ್ಯಾಟರಿಯಿದೆ, ಆದರೆ ಅಷ್ಟೊತ್ತಿಗೆ ನಿಮ್ಮ ಶ್ರೋತೃಗಳು ಮನೆ ಸೇರಿರುತ್ತಾರೆ.