ಬಾಟಲಿ ಮೇಲಿನ ಸೋಲಿಗ

ಆದಿವಾಸಿಗಳ ಉದ್ಧಾರ ಕಷ್ಟದ ಕೆಲಸ ಅಂತ ಯಾರು ಹೇಳಿದರೋ ಗೊತ್ತಿಲ್ಲ. ಸ್ಥಳೀಯ ಸಂಪನ್ಮೂಲದಿಂದಲೇ ಸಲೀಸಾಗಿ ಮಾಡಬಹುದು. ಆ ಸಂಪನ್ಮೂಲವನ್ನು ಮೊದಲು ಅವರ ಕೈಯಿಂದ ಕಿತ್ತುಕೊಂಡಿರಬೇಕು, ಅಷ್ಟೆ. ಕಿತ್ತುಕೊಳ್ಳದೆ ಕೊಡುವುದು ಹೇಗೆ? ಕೊಡದೆ ಫೋಟೊ ತೆಗೆಸಿಕೊಳ್ಳುವುದು ಹೇಗೆ?

ಈ ಶಾಸ್ತ್ರ ಕಲಿಯಬೇಕಾದವರು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅಲ್ಲಿಯ ಕಾಡು 1974ರಲ್ಲಿ ಅಭಯಾರಣ್ಯವಾಯಿತು. ಅಲ್ಲಿಯ ಆದಿವಾಸಿಗಳಾದ ಸೋಲಿಗರ ಬೇಟೆ ನಿಂತಿತು, ಗುಡ್ಡದ ಬೇಸಾಯ ನಿಂತಿತು, ಕಾಡೊಳಗಿನ ಪೋಡುಗಳು, ಅಂದರೆ ಅವರ ಹಾಡಿಗಳು, ರಸ್ತೆ ಪಕ್ಕದ ಕಾಲೊನಿಗಳಾದವು. ಉಳಿದದ್ದು ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಪಾಚಿ. ಅದನ್ನು ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಹಾಕಿ ನಾಲ್ಕು ಕಾಸು ನೋಡುತ್ತಿದ್ದರು. 2006ರಲ್ಲಿ ಮಾರುವುದಕ್ಕಾಗಿ ಸಂಗ್ರಹಿಸುವುದಕ್ಕೂ ಬೀಗ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಪಾಸು ಮಾಡಿ, ಕಿರು ಅರಣ್ಯ ಉತ್ಪನ್ನದ ಒಡೆತನ ಕಾಡಿನ ಜನರದ್ದೇ ಎಂದಿತು. ಬೀಗ ಬೆಟ್ಟದಲ್ಲಿ, ಕೀಲಿಕೈ ದಿಲ್ಲಿಯಲ್ಲಿ.

2011 ಇನ್ನೂ ಸೊಗಸಾದ ವರ್ಷ. ಆರಂಭದಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅಕ್ಟೋಬರಿನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಒಂದೇ ಕಾಡನ್ನು ಒಂದೇ ವರ್ಷದಲ್ಲಿ ಹುಲಿಗೂ ಸೋಲಿಗನಿಗೂ ಕೊಟ್ಟ ಉದಾರಿ ಸರ್ಕಾರ ಇನ್ನೆಲ್ಲಿದೆ? ಹುಲಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. 2010ರಲ್ಲಿ 35 ಇದ್ದದ್ದು 2014ಕ್ಕೆ 68 ಆಯಿತೆಂಬ ಲೆಕ್ಕ ಪತ್ರಿಕೆಗಳಲ್ಲೇ ಬಂತು. ಜೇನು ಕಿತ್ತಾಗ ಮರ ಹತ್ತಲಾರದ ಹುಲಿಗೆಂದು ಒಂದು ಪಾಲು ನೆಲದಲ್ಲಿ ಬಿಟ್ಟು ಬರುವ ಜನರ ನಡುವೆ ಅದು ಹೇಗೋ ಬದುಕಿಕೊಂಡಿತ್ತು. ಈಗ ಅದನ್ನು ಆ ಜನರಿಂದ ಕಾಪಾಡಬೇಕಾಗಿದೆ. ಕಾಪಾಡಲು ವಾಚರ್ ಬೇಕು, ದಿನಗೂಲಿಗೆ ಸಿಗುವ ವಾಚರ್ ಸೋಲಿಗನೇ.

ಕಾಡನ್ನು ಮುತ್ತಿರುವ ಲಂಟಾನ ಎಂಬ ಕಳೆಪೊದೆಯ ಕಥೆಯನ್ನಂತೂ ಬಿಡುವ ಹಾಗಿಲ್ಲ. ಬೇಸಿಗೆ ಏರುವ ಮೊದಲೇ ತರಗೆಲೆಗೆ ಸಣ್ಣಗೆ ಬೆಂಕಿ ಹಾಕುವುದು ಸೋಲಿಗರ ಹಳೆಯ ರೂಢಿ, ತರಗು ಬೆಂಕಿ. ಎಲೆ ಸುಡುತ್ತದೆ, ಮರ ಉಳಿಯುತ್ತದೆ, ಮಳೆ ಬಿದ್ದರೆ ಹುಲ್ಲು ಚಿಗುರುತ್ತದೆ. ಕಾನೂನು ಬಂದು ಬೆಂಕಿ ಹಾಕುವವನನ್ನು ಅಪರಾಧಿ ಮಾಡಿತು. ಬೆಂಕಿ ನಿಂತದ್ದೇ ಲಂಟಾನ ಆಳೆತ್ತರ ಎದ್ದಿತು, ನೆಲ್ಲಿಮರಕ್ಕೆ ಬಂದಳಿಕೆ ಹತ್ತಿತು ಎಂದು ಪೋಡಿನ ಹಿರಿಯರು ಹೇಳುತ್ತ ಬಂದರು. ಹಿರಿಯರ ಮಾತಿಗೆ ಪಿಎಚ್‌ಡಿ ಇರಲಿಲ್ಲ. ಕೊನೆಗೆ ಪಿಎಚ್‌ಡಿ ಇದ್ದವರು ಬಂದು, ವರ್ಷಗಟ್ಟಲೆ ಅಳೆದು, ಹಿರಿಯರ ಮಾತಿನಲ್ಲಿ ಹುರುಳಿದೆ ಎಂದು ಇಂಗ್ಲಿಷಿನಲ್ಲಿ ಬರೆದರು. ಆದರೂ ಬೆಂಕಿಪೊಟ್ಟಣ ಹಿರಿಯರ ಕೈಗೆ ವಾಪಸು ಬರಲಿಲ್ಲ. ಬಂದದ್ದು ಲಂಟಾನ ಕಡ್ಡಿಯಲ್ಲಿ ಕುರ್ಚಿ ಮಾಡುವ ತರಬೇತಿ.

ಕುರ್ಚಿಗಳ ಮೇಲೆ ನನಗೆ ತಕರಾರಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಇದರಿಂದ ಕೂಲಿ ಕಂಡ ಮನೆಗಳಿವೆ, ಕಲಿಸಿದವರೂ ಪ್ರಾಮಾಣಿಕರೇ. ತಮಿಳುನಾಡಿನ ಗೂಡಲೂರಿನ ಕಡೆ ಆದಿವಾಸಿಗಳು ಹೆಣೆದ ಲಂಟಾನದ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತು ಬಂದವು, ಆಮೇಲೆ ಅಮೆರಿಕವನ್ನೂ ಸುತ್ತಿದವು. ಕಾಡು ಕೆಟ್ಟದ್ದರಲ್ಲೂ ಇಷ್ಟು ಕಲೆ ಇದೆ ಎಂದ ಮೇಲೆ ಕಾಡು ನೆಟ್ಟಗಾಗಲಿ ಎಂದು ಯಾರು ತಾನೇ ಅವಸರ ಮಾಡುತ್ತಾರೆ?

ತರಬೇತಿಯಲ್ಲಿ ರಾಜ ಅಂದರೆ ಜೇನು ತರಬೇತಿ. ಅದು ಎಲ್ಲೇ ನಡೆಯಲಿ, ಹೀಗೇ ನಡೆಯುತ್ತದೆ. ಸಮುದಾಯ ಭವನ, ಫ್ಲೆಕ್ಸು, ಫ್ಲೆಕ್ಸಿನಲ್ಲಿ ಒಂಬತ್ತು ಮುಖ, ಅದರಲ್ಲಿ ಜೇನು ಕೀಳುವವರದು ಒಂದೂ ಇಲ್ಲ. ಸಸಿಗೆ ನೀರೆರೆದು ಉದ್ಘಾಟನೆ. ಕೇಸರಿಬಾತು, ಉಪ್ಪಿಟ್ಟು. ಬಯಲುಸೀಮೆಯಿಂದ ಬಂದ ಸಂಪನ್ಮೂಲ ವ್ಯಕ್ತಿ ಮೈಕು ತಟ್ಟಿ, ಮುಂದಿನ ಸಾಲಿನ ತಾತನನ್ನು ಕೇಳುತ್ತಾರೆ:

“ಜೇನಲ್ಲಿ ಎಷ್ಟು ಜಾತಿ ಇದೆ, ಗೊತ್ತೇನಪ್ಪಾ?”

“ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ. ಹೆಜ್ಜೇನು ಬಂಡೇಲಿ ಕಟ್ತದೆ, ದೊಡ್ಡ ಮರದಲ್ಲೂ ಕಟ್ತದೆ. ಕತ್ತಲಲ್ಲಿ ಹಾಡು ಹೇಳ್ಕೊಂಡು ಇಳೀಬೇಕು ಸ್ವಾಮಿ. ನೀವು ಹೆಂಗೆ ಇಳೀತೀರಿ?”

“ಅದೆಲ್ಲ ಅವೈಜ್ಞಾನಿಕ. ಮೊದಲು ಹಾಜರಿ ಪುಸ್ತಕಕ್ಕೆ ಸಹಿ ಹಾಕು.”

ಸಂಜೆಗೆ ಪ್ರಮಾಣಪತ್ರ. ಅದರಲ್ಲಿ ತಾತನ ಹೆಸರು ತಪ್ಪಾಗಿರುತ್ತದೆ, ಸಂಪನ್ಮೂಲ ವ್ಯಕ್ತಿಯ ಪದವಿಗಳು ಮಾತ್ರ ಒಂದೂ ಬಿಟ್ಟುಹೋಗಿರುವುದಿಲ್ಲ. ಜೊತೆಗೆ ಒಂದು ಜೇನುಪೆಟ್ಟಿಗೆ. ಪೆಟ್ಟಿಗೆ ಮರದ್ದು, ಹಾಗಾಗಿ ಮಳೆಗಾಲದಲ್ಲಿ ಒಲೆಗೆ ಬರುತ್ತದೆ.

2018ರಿಂದ ಕೇಂದ್ರ ಸರ್ಕಾರದ ವನಧನ ಯೋಜನೆಯೂ ಇದೆ. ಮುನ್ನೂರು ಜನರಿಗೆ ಒಂದು ಕೇಂದ್ರ, ಕೇಂದ್ರಕ್ಕೆ 15 ಲಕ್ಷ ರೂಪಾಯಿ, ಮೌಲ್ಯವರ್ಧನೆ. ಕಾಗದದ ಮೇಲೆ ಯೋಜನೆ ಒಳ್ಳೆಯದೇ. ಆದರೆ ಮೌಲ್ಯ ವರ್ಧಿಸುವುದು ಎಲ್ಲಿ ಎಂದು ನೋಡಬೇಕಾದರೆ ಬೆಂಗಳೂರಿನ ಯಾವುದಾದರೂ ಮೇಳಕ್ಕೆ ಹೋಗಿ ಕಾಡುಜೇನಿನ ಬಾಟಲಿ ತಿರುಗಿಸಿ ನೋಡಿ. ಲೇಬಲ್ಲಿನಲ್ಲಿ ರುಮಾಲು ಸುತ್ತಿದ ತಾತ ನಗುತ್ತಿರುತ್ತಾನೆ. ಬಾಟಲಿಯ ಬೆಲೆ ಎಷ್ಟೆಂದು ಅವನನ್ನು ಕೇಳಬೇಡಿ, ನಗು ನಿಂತೀತು.

ಇಷ್ಟೆಲ್ಲ ಅಭಿವೃದ್ಧಿಯ ನಡುವೆ ಸರ್ಕಾರಕ್ಕೆ ಒಂದು ಚಿಂತೆ ಹತ್ತಿತು: ಈ ಜನ ಸೊರಗುತ್ತಿದ್ದಾರಲ್ಲ! ಗೆಣಸು, ಸೊಪ್ಪು, ಜೇನು ತಿನ್ನುತ್ತಿದ್ದವರನ್ನು ಕಾಡಿನಿಂದ ದೂರ ಇಟ್ಟ ಮೇಲೆ ಸೊರಗುವುದೇಕೆ ಎಂಬುದು ಗಹನವಾದ ಪ್ರಶ್ನೆ. ಪರಿಹಾರವಾಗಿ ಪೌಷ್ಟಿಕ ಆಹಾರದ ಕಿಟ್ ಬಂತು. ಮೊಟ್ಟೆ, ತುಪ್ಪ, ಬೇಳೆ, ಬೆಲ್ಲ. ಕಿಟ್ ಬೇಡ ಅನ್ನಲಾರೆ. ಹಸಿದ ಮನೆಗೆ ಅದು ಬೇಕು. ಹಸಿವು ಹುಟ್ಟಿಸಿದ ಇಲಾಖೆ ಒಂದು, ಕಿಟ್ ಕೊಡುವ ಇಲಾಖೆ ಇನ್ನೊಂದು. ಎರಡಕ್ಕೂ ಬಜೆಟ್ ಇದೆ, ಪರಸ್ಪರ ಪರಿಚಯ ಮಾತ್ರ ಇಲ್ಲ.

ಇನ್ನು ಅರಣ್ಯ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನಿಯಮಗಳು. ಕಾಡಿನ ಉತ್ಪನ್ನ ಸಾಗಿಸಲು ಬೇಕಾದ ಪರ್ಮಿಟ್ಟನ್ನು ಗ್ರಾಮಸಭೆ ನೇಮಿಸಿದ ಸಮಿತಿಯೇ ಕೊಡಬಹುದು ಎಂದು ಅವುಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಬರೆದವರು ಚೆಕ್‌ಪೋಸ್ಟ್ ನೋಡಿದ್ದರೋ ಇಲ್ಲವೋ. ಪೋಡಿನ ಸಮಿತಿಯ ಸೀಲು ಒತ್ತಿದ ಚೀಟಿ ಹಿಡಿದು, ನಾಲ್ಕು ಮೂಟೆ ನೆಲ್ಲಿಕಾಯಿ ಹೇರಿದ ಆಟೊದಲ್ಲಿ ಒಬ್ಬ ಗೇಟಿನ ಹತ್ತಿರ ಬಂದ ಅಂದುಕೊಳ್ಳಿ. ಗಾರ್ಡು ಚೀಟಿಯನ್ನು ಹಿಂದೆ ಮುಂದೆ ತಿರುಗಿಸುತ್ತಾನೆ.

“ಇದ್ಯಾವ ಸೀಲಯ್ಯಾ? ಯಾರು ಕೊಟ್ಟಿದ್ದು?”

“ನಮ್ ಸಮಿತೀದು ಸಾ. ಕಾನೂನಲ್ಲೇ ಐತೆ. ನಾವೇ ಕೊಟ್ಕಂಡಿದ್ದು.”

“ನೀವ್‌ ನೀವೇ ಕೊಟ್ಕೊಳ್ಳೋದಾದ್ರೆ ನಾವ್ಯಾಕಯ್ಯಾ ಇರೋದು?”